ಕಂಡದ್ದನ್ನು ಬರೆದಿಟ್ಟವರ ಹೈದರಾಬಾದು

ಕಲಬುರಗಿ, ಬೀದರ್, ರಾಯಚೂರಿನವರಿಗೆ ಹೈದರಾಬಾದು ಎಂದರೆ ದೊಡ್ಡಾಸ್ಪತ್ರೆಯ ಊರು, ಮದುವೆ ಜವಳಿಯ ಊರು, ಕೆಲಸಕ್ಕೆ ಹೋದ ಮಕ್ಕಳ ಊರು. ಉಳಿದ ಕನ್ನಡಿಗರಿಗೆ ಅದು ಚಾರ್‌ಮಿನಾರು, ಬಿರಿಯಾನಿ ಮತ್ತು ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು. ಕಾಡು, ಹಕ್ಕಿ, ಹೂವಿನ ಮಾತು ಬಂದರೆ ಆಗುಂಬೆಯೋ ಬಂಡೀಪುರವೋ ನೆನಪಾಗುತ್ತದೆಯೇ ಹೊರತು ಹೈದರಾಬಾದು ಯಾರಿಗೂ ನೆನಪಾಗುವುದಿಲ್ಲ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಎತ್ತ ನೋಡಿದರೂ ಕಲ್ಲು. ಇಂಥ ಒಣನೆಲದ ನಿಸರ್ಗ ಯಾರಿಗೆ ಏನು ಹೊಳೆಯಿಸೀತು?

ಬಹಳಷ್ಟನ್ನು ಹೊಳೆಯಿಸಿದೆ. ಮಲೇರಿಯಾದ ಗುಟ್ಟು ಬಯಲಾದದ್ದು ಈ ಊರಿನ ಸೊಳ್ಳೆಯ ಹೊಟ್ಟೆಯಲ್ಲಿ. ಇಲ್ಲಿನ ಒಂದು ಪ್ರವಾಹ ಒಬ್ಬ ಕವಿಯಿಂದ ಕಾವ್ಯ ಬರೆಸಿತು, ಒಬ್ಬ ಕನ್ನಡಿಗ ಎಂಜಿನಿಯರಿನಿಂದ ಜಲಾಶಯಗಳ ನಕ್ಷೆ ಬರೆಸಿತು. ಇಲ್ಲಿನ ಬಂಡೆಗಳನ್ನು ಕಾಯಲು ಚಿತ್ರಕಾರರು, ಛಾಯಾಗ್ರಾಹಕರು ಸಂಘ ಕಟ್ಟಿದರು. ಇವರೆಲ್ಲರಿಗೂ ಒಂದು ಅಭ್ಯಾಸ ಸಮಾನವಾಗಿತ್ತು. ನೋಡಿ ಮೆಚ್ಚಿ ಸುಮ್ಮನಾಗಲಿಲ್ಲ. ಕಂಡದ್ದನ್ನು ಪದ್ಯವಾಗಿ, ಅಂಕಿಯಾಗಿ, ಪಟ್ಟಿಯಾಗಿ, ಚಿತ್ರವಾಗಿ ಬರೆದಿಟ್ಟರು. ಬರೆದಿಟ್ಟದ್ದು ಎಷ್ಟೋ ವರ್ಷಗಳ ಮೇಲೆ ಇನ್ಯಾರದೋ ಕೈಗೆ ಸಾಕ್ಷಿಯಾಗಿ ಸಿಕ್ಕಿತು. ನಿಸರ್ಗದ ಸ್ಫೂರ್ತಿ ನಿಸರ್ಗದ ರಕ್ಷಣೆಯಾಗಿ ಮಾರ್ಪಡುವುದು ಹೇಗೆ ಎಂದು ತಿಳಿಯಬೇಕಾದವರು ಈ ಊರಿನ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಬೇಕು.

ಧಾರವಾಡದ ಹೆಸರು ಹೊತ್ತ ಬಂಡೆಗಳು

ಹೈದರಾಬಾದಿನ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರುಗಳು ಬಂದು ಹೋದದ್ದು ಇವುಗಳ ಲೆಕ್ಕದಲ್ಲಿ ಮೊನ್ನೆಯ ಮಾತು. ಭೂವಿಜ್ಞಾನಿಗಳು ಈ ನೆಲವನ್ನು ‘ಪೂರ್ವ ಧಾರವಾಡ ಕ್ರೇಟಾನ್’ ಎಂಬ ಪುರಾತನ ಶಿಲಾಖಂಡಕ್ಕೆ ಸೇರಿಸುತ್ತಾರೆ. ಹಂಪಿಯ ಗುಂಡುಗಳು, ರಾಯಚೂರು ಕೋಟೆಯ ಗುಡ್ಡ ಎಲ್ಲವೂ ಇದೇ ಮನೆತನದವು. ಗಚ್ಚಿಬೌಲಿಯ ಕಲ್ಲುಗಳ ನಡುವೆ ನಿಂತ ಬಳ್ಳಾರಿಯವರಿಗೆ ಸ್ವಂತ ಊರಿನಲ್ಲಿ ನಿಂತಂತೆ ಅನಿಸಿದರೆ ಅದು ಬರೀ ಭ್ರಮೆಯಲ್ಲ.

ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಗುಂಡುಗಳು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಭೂಮಿಯ ಒಡಲಿನ ಶಿಲಾರಸ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಕಲ್ಲು ಹಿಗ್ಗಿ ಉದ್ದಕ್ಕೂ ಅಡ್ಡಕ್ಕೂ ಸೀಳು ಬಿಟ್ಟಿತು. ಸೀಳುಗಳಲ್ಲಿ ಇಳಿದ ಮಳೆನೀರು ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಮಣ್ಣಾಗಿಸುತ್ತ ಬಂತು. ಚೌಕಾಕಾರದ ಕಲ್ಲಿನ ಮೂಲೆಗೆ ಮೂರು ಕಡೆಯಿಂದಲೂ ನೀರು ತಾಗುವುದರಿಂದ ಮೊದಲು ಸವೆದದ್ದು ಮೂಲೆಗಳೇ. ಈರುಳ್ಳಿಯ ಸಿಪ್ಪೆ ಸುಲಿದಂತೆ ಪದರಗಳು ಕಳಚಿ, ನೆಲದಡಿಯಲ್ಲೇ ಗುಂಡುಕಲ್ಲು ತಯಾರಾಯಿತು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಕಲ್ಲುಗಳು ಕುಳಿತ ಜಾಗದಲ್ಲೇ ಬಯಲಿಗೆ ಬಂದವು. ಯಾರೋ ತಂದು ಪೇರಿಸಿದಂತೆ ಕಾಣುವ ಈ ಕಲ್ಲುಗಳನ್ನು ನಿಜಕ್ಕೂ ಯಾರೂ ಕದಲಿಸಿಲ್ಲ.

ಗೋಲ್ಕೊಂಡ ಕೋಟೆ ಕಟ್ಟಿದವರು ಈ ಬಂಡೆಗಳ ಮರ್ಜಿ ಹಿಡಿದು ಕೆಲಸ ಮಾಡಿದರು. ಅಲ್ಲಿನ ಗೋಡೆ ಬಂಡೆಯವರೆಗೆ ಬಂದು ನಿಲ್ಲುತ್ತದೆ, ಬಂಡೆಯೇ ಗೋಡೆಯಾಗುತ್ತದೆ, ಬಂಡೆ ಮುಗಿದಲ್ಲಿ ಮತ್ತೆ ಕಟ್ಟಡ ಶುರುವಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಂದ ಬಿಲ್ಡರುಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಜೂಬಿಲಿ ಹಿಲ್ಸ್, ಬಂಜಾರಾ ಹಿಲ್ಸ್‌ನ ಕಲ್ಲುಗಳಿಗೆ ಮದ್ದಿಟ್ಟು ಸಿಡಿಸಿ ಜಲ್ಲಿ ಮಾಡಿದರು.

ಆಗ, 1996ರಲ್ಲಿ, ‘ಸೊಸೈಟಿ ಟು ಸೇವ್ ರಾಕ್ಸ್’ ಹುಟ್ಟಿತು. ಕಲಾವಿದರು, ಛಾಯಾಗ್ರಾಹಕರು, ಪರಿಸರಾಸಕ್ತರು ಸೇರಿ ಕಟ್ಟಿದ ಸಂಘವಿದು. ಜರ್ಮನಿಯಲ್ಲಿ ಹುಟ್ಟಿ ಹೈದರಾಬಾದಿನ ಸೊಸೆಯಾಗಿ ಬಂದ ಫ್ರಾಕೆ ಖಾದರ್ ಇದರ ಬೆನ್ನೆಲುಬು. ಐಎಎಸ್ ಅಧಿಕಾರಿಯಾಗಿದ್ದು ನಗರದ ಚರಿತ್ರೆಕಾರರೆಂದೇ ಹೆಸರಾದ ನರೇಂದ್ರ ಲೂಥರ್ ಅದರ ಮುಂಚೂಣಿಯಲ್ಲಿದ್ದರು. ತಿಂಗಳಿಗೊಮ್ಮೆ ಜನರನ್ನು ಬಂಡೆಗಳ ನಡುವೆ ನಡೆಸಿಕೊಂಡು ಹೋಗುವುದು ಇವರ ವಾಡಿಕೆ. ಆದರೆ ಇವರ ದೊಡ್ಡ ಕೆಲಸ ಒಂದು ಪಟ್ಟಿ. ಅರಮನೆ, ಮಸೀದಿ, ಸಮಾಧಿಗಳನ್ನು ಕಾಯುತ್ತಿದ್ದ ನಗರದ ಪಾರಂಪರಿಕ ಪಟ್ಟಿಗೆ ಒಂಬತ್ತು ಶಿಲಾರಚನೆಗಳೂ ಸೇರಿದವು. ಮನುಷ್ಯ ಕಟ್ಟದೇ ಇರುವುದೂ ಪರಂಪರೆಯಾಗಬಹುದು ಎಂದು ಒಂದು ನಗರಾಡಳಿತ ಒಪ್ಪಿಕೊಂಡಂತಾಯಿತು. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ ಅಣಬೆ ಬಂಡೆ, ಮೌಲಾ ಅಲಿಯ ಬಳಿಯ ಕಾವಲು ಬಂಡೆ, ಶಿಲ್ಪಾರಾಮದ ಕರಡಿ ಮೂಗು, ಜೂಬಿಲಿ ಹಿಲ್ಸ್‌ನ ಆಮೆ ಬಂಡೆ ಆ ಒಂಬತ್ತರಲ್ಲಿ ಸೇರಿವೆ. ಚಿತ್ರಕಾರನ ಕಣ್ಣಿಗೆ ಮೊದಲು ಕಂಡ ಆಕಾರ ಸರ್ಕಾರದ ಕಡತದಲ್ಲಿ ಹೆಸರಾಗಿ ಕೂತ ಮೇಲೆ ಅದನ್ನು ಸಿಡಿಸುವ ಮುಂಚೆ ಯಾರಾದರೂ ಒಮ್ಮೆ ಯೋಚಿಸಬೇಕಾಯಿತು. ಪಟ್ಟಿಗೆ ಬಾರದ ಎಷ್ಟೋ ಬಂಡೆಗಳಿಗೆ ಆ ಭಾಗ್ಯ ಸಿಗಲಿಲ್ಲ.

ಮಿರಗದ ಮಳೆ ಬರೆದ ಸುಲ್ತಾನ

ಬರೆದಿಡುವ ಚಾಳಿ ಈ ಊರಿಗೆ ಹುಟ್ಟಿನಿಂದಲೇ ಬಂದದ್ದು. 1591ರಲ್ಲಿ ಹೈದರಾಬಾದನ್ನು ಸ್ಥಾಪಿಸಿದ ಮುಹಮ್ಮದ್ ಕುಲಿ ಕುತುಬ್ ಶಾಹ ಸ್ವತಃ ಕವಿ. ಅವನು ಬರೆದದ್ದು ತೆಲುಗು, ಮರಾಠಿ, ಕನ್ನಡಗಳ ನೆರೆಯಲ್ಲಿ ಬೆಳೆದ ದಖನಿಯಲ್ಲಿ. ಪರ್ಷಿಯನ್ ಕಾವ್ಯದ ಗುಲಾಬಿ–ಬುಲ್‌ಬುಲ್‌ಗಳ ಜೊತೆಗೆ ಅವನ ಪದ್ಯಗಳಲ್ಲಿ ದಖನ್ನಿನ ಹಣ್ಣು, ತರಕಾರಿ, ಹಕ್ಕಿ, ಋತುಗಳೂ ಬಂದವು. ಮುಂಗಾರು ಕಾಲಿಡುವ ಮಿರಗದ ಸಂಭ್ರಮದ ಮೇಲೆ ಅವನು ಮತ್ತೆ ಮತ್ತೆ ಪದ್ಯ ಕಟ್ಟಿದ. ಉತ್ತರ ಕರ್ನಾಟಕದ ರೈತರು ಇವತ್ತಿಗೂ ಬಿತ್ತನೆಗೆ ಕಾಯುವುದು ಅದೇ ಮಿರಗದ ಮಳೆಗೆ. ಅವನ ತರುವಾಯ ಪಟ್ಟಕ್ಕೆ ಬಂದ ಸೋದರಳಿಯ 1616ರಲ್ಲಿ ಆ ಪದ್ಯಗಳನ್ನು ಒಟ್ಟುಮಾಡಿಸಿದ. ಅರಸನ ಶೃಂಗಾರಕ್ಕೆಂದು ಓದುವವರಿಗೆ ಅದು ಶೃಂಗಾರ. ನಾಲ್ಕುನೂರು ವರ್ಷಗಳ ಹಿಂದೆ ಈ ತೋಟಗಳಲ್ಲಿ ಏನು ಬೆಳೆಯುತ್ತಿತ್ತು ಎಂದು ತಿಳಿಯಬೇಕಾದವರಿಗೆ ಅದೊಂದು ದಾಖಲೆ.

ಕಚ್ಚಿಸಿಕೊಂಡರೆ ಒಂದಾಣೆ

ಮುನ್ನೂರು ವರ್ಷ ಮುಂದೆ ಬಂದರೆ ಇನ್ನೊಬ್ಬ ಕವಿ ಸಿಗುತ್ತಾನೆ. ಅವನ ಕಸುಬು ಮಾತ್ರ ಡಾಕ್ಟರಿಕೆ. ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್‌ಗೆ ಕವಿಯಾಗುವ, ಕಾದಂಬರಿಕಾರನಾಗುವ ಹುಚ್ಚು. ತಂದೆಯ ಒತ್ತಾಯಕ್ಕೆ ವೈದ್ಯನಾದ. 1883ರ ಸುಮಾರಿಗೆ ಬೆಂಗಳೂರಿನ ದಂಡಿನಲ್ಲಿದ್ದಾಗ ಬಂಗಲೆಯ ಹತ್ತಿರದ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು, ತೊಟ್ಟಿಯ ನೀರು ಚೆಲ್ಲಿಸಿದರೆ ಸೊಳ್ಳೆಗಳ ಕಾಟ ತಗ್ಗುತ್ತದೆ ಎಂಬುದನ್ನು ಗಮನಿಸಿದ್ದ. ಸೊಳ್ಳೆಗೂ ಮಲೇರಿಯಾಕ್ಕೂ ನಂಟು ಕಲ್ಪಿಸುವ ಯೋಚನೆ ಆಗಿನ್ನೂ ಅವನಿಗೆ ಬಂದಿರಲಿಲ್ಲ.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಎರಡು ವರ್ಷ ಸಾವಿರಾರು ಸೊಳ್ಳೆಗಳನ್ನು ಕೊಯ್ದು ನೋಡಿದ. ಏನೂ ಸಿಗಲಿಲ್ಲ, ಏಕೆಂದರೆ ಅವನು ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆಗಳನ್ನು. 1897ರ ಆಗಸ್ಟಿನಲ್ಲಿ ಸಹಾಯಕರು ತಂದ ಮರಿಗಳಿಂದ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಕಂದು ಬಣ್ಣದ ಸೊಳ್ಳೆಗಳು ಹೊರಬಂದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಆ ಸೊಳ್ಳೆಗಳಿಗೆ ರಕ್ತ ಕುಡಿಸಿದ. ಒಂದು ಸೊಳ್ಳೆ ಕಚ್ಚಿದರೆ ಒಂದಾಣೆ ಕೂಲಿ.

ಆಗಸ್ಟ್ ತಿಂಗಳ ಬೇಗೆಯಲ್ಲಿ ಅವನು ಕೆಲಸ ಮಾಡುತ್ತಿದ್ದ ಬೇಗಂಪೇಟೆಯ ಪುಟ್ಟ ಕೋಣೆಯಲ್ಲಿ ಪಂಖ ಎಳೆಸುವಂತಿರಲಿಲ್ಲ. ಗಾಳಿಗೆ ಸೊಳ್ಳೆಯ ಚೂರುಗಳು ಹಾರಿಹೋಗುತ್ತಿದ್ದವು. ಹಣೆಯ ಬೆವರು ತೊಟ್ಟಿಕ್ಕಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು, ನಾಲ್ಕು ದಿನದ ಹಿಂದೆ ರಕ್ತ ಕುಡಿದ ಸೊಳ್ಳೆಯೊಂದರ ಹೊಟ್ಟೆಯ ಭಿತ್ತಿಯಲ್ಲಿ ದುಂಡಗಿನ ಕೋಶಗಳು ಕಂಡವು. ಒಳಗೆ ಕಪ್ಪು ಕಣಗಳು; ಮಲೇರಿಯಾದ ಪರಾವಲಂಬಿಯಲ್ಲಿ ಇರುವಂಥವೇ. ಮಾರನೆಯ ದಿನ ಕೊಯ್ದ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಅಂದರೆ ಅವು ಬೆಳೆಯುತ್ತಿದ್ದವು.

ರಾಸ್ ಚಿತ್ರ ಬರೆದ, ಟಿಪ್ಪಣಿ ಮಾಡಿದ, ಆ ಖುಷಿಗೆ ಒಂದು ಪದ್ಯವನ್ನೂ ಬರೆದ. 1902ರಲ್ಲಿ ನೊಬೆಲ್ ಬಂತು. ಆ ಕಟ್ಟಡ ಬೇಗಂಪೇಟೆಯಲ್ಲಿ ಅವನ ಹೆಸರಿನ ಸಂಸ್ಥೆಯಾಗಿ ಉಳಿದಿದೆ. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ. ವಿಜ್ಞಾನಿ ಮತ್ತು ಕವಿ ಎರಡು ಬೇರೆ ಜಾತಿ ಎಂದು ನಂಬಿದವರಿಗೆ ಆ ಟಿಪ್ಪಣಿ ಪುಸ್ತಕ ಒಳ್ಳೆಯ ಉತ್ತರ. ನಿಸರ್ಗದ ಸ್ಫೂರ್ತಿ ಎಂದಾಗ ನಾವು ನವಿಲನ್ನೋ ಜಲಪಾತವನ್ನೋ ನೆನೆಯುತ್ತೇವೆ. ರಾಸ್‌ನನ್ನು ಎರಡು ವರ್ಷ ಹಿಡಿದು ಕೂರಿಸಿದ್ದು ಎಲ್ಲರೂ ಚಪ್ಪಾಳೆ ತಟ್ಟಿ ಕೊಲ್ಲುವ ಹುಳ.

ಒಂದು ಪ್ರವಾಹ, ಒಬ್ಬ ಕವಿ, ಒಬ್ಬ ಎಂಜಿನಿಯರ್

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿತು. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ ಬರುವ ಈ ನದಿ ವರ್ಷದ ಬಹುಪಾಲು ಮೊಣಕಾಲುದ್ದ ಹರಿಯುವಂಥದ್ದು. ಆ ದಿನ ಸೇತುವೆಗಳನ್ನು ದಾಟಿ ಊರಿನೊಳಕ್ಕೆ ಬಂತು. ಸತ್ತವರು ಸುಮಾರು 15,000 ಎಂಬ ಅಂದಾಜು ಇದೆ. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇಂದಿಗೂ ಇದೆ.

ಆ ನೀರಿನಲ್ಲಿ ಸೈಯದ್ ಅಹಮದ್ ಹುಸೇನ್ ಎಂಬ ಯುವಕ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡ. ಅಮ್ಜದ್ ಹೈದರಾಬಾದಿ ಎಂಬ ಹೆಸರಿನಲ್ಲಿ ಮುಂದೆ ಉರ್ದು ರುಬಾಯಿಗಳ ದೊಡ್ಡ ಕವಿಯಾದವನು ಅವನೇ. ಕಣ್ಣೆದುರು ಮನೆಯವರು ಕೊಚ್ಚಿಹೋದ ಆ ದಿನವನ್ನು ಅವನು ‘ಕಿಯಾಮತ್-ಎ-ಸುಗ್ರಾ’ ಎಂಬ ಕವಿತೆಯಲ್ಲಿ ಬರೆದ. ಪ್ರವಾಹದ ಬಗ್ಗೆ ಹೈದರಾಬಾದಿನಲ್ಲಿ ಇಂದಿಗೂ ಯಾರಾದರೂ ಮಾತೆತ್ತಿದರೆ ಆ ಕವಿತೆಯ ಹೆಸರು ಬಂದೇ ಬರುತ್ತದೆ.

ಅದೇ ಹೊತ್ತಿಗೆ ಮುಂಬಯಿ ಸರ್ಕಾರದ ನೌಕರಿ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ಇನ್ನೊಬ್ಬರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯ 1909ರಲ್ಲಿ ಹೈದರಾಬಾದಿಗೆ ಬಂದರು. ನದಿಯ ಎರಡೂ ದಂಡೆಗೆ ಎತ್ತರದ ಗೋಡೆ ಕಟ್ಟಿಬಿಡಿ ಎಂದು ಹೇಳಿ ಹೊರಡಬಹುದಿತ್ತು. ಅವರು ಮೊದಲು ಪ್ರವಾಹವನ್ನು ಓದಲು ಕುಳಿತರು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಸುತ್ತಲ ಪ್ರಾಂತ್ಯಗಳ ಮಳೆ ಲೆಕ್ಕ ಏನು ಹೇಳುತ್ತದೆ, ನದಿಯ ಜಲಾನಯನದಲ್ಲಿ ಎಷ್ಟು ಕೆರೆಗಳಿವೆ ಎಂದು ಕೂಡಿಸಿದರು. ಏಳುನೂರಕ್ಕೂ ಹೆಚ್ಚು ಕೆರೆಗಳಿದ್ದವು; ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಂದು ಒಡೆದಿದ್ದವು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯ ಏರಿಯನ್ನೂ ಕಿತ್ತುಕೊಂಡು ಬಂದಿತ್ತು. ಆಕಾಶದಿಂದ ಬಿದ್ದ ಮಳೆಯ ಜೊತೆಗೆ ಕೆರೆಗಳ ಸಾಲು ಕಳಚಿದ್ದೂ ಊರನ್ನು ಮುಳುಗಿಸಿತ್ತು.

ರೋಗ ಪತ್ತೆಯಾದ ಮೇಲೆ ಮದ್ದು ಸಲೀಸಾಯಿತು. ಊರಿಗೆ ಬರುವ ಮುಂಚೆಯೇ ನೀರನ್ನು ತಡೆಯಬೇಕು. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಕಟ್ಟಿ ಎಂದು ವಿಶ್ವೇಶ್ವರಯ್ಯ ಬರೆದುಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಹುಟ್ಟಿದ ಕೆರೆಗಳು ಊರಿಗೆ ಕುಡಿಯುವ ನೀರು ಕೊಟ್ಟವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1996ರ ಮಾರ್ಚ್ 8ರಂದು ಆಂಧ್ರ ಸರ್ಕಾರ ಹೊರಡಿಸಿದ 111ನೇ ನಂಬರಿನ ಆದೇಶ ಈ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೊಳೆ ಬಿಡುವ ಕಾರ್ಖಾನೆ, ದೊಡ್ಡ ಹೋಟೆಲು, ಬಡಾವಣೆಗಳಿಗೆ ತಡೆ ಹಾಕಿತು. ಒಂದು ಎಣ್ಣೆ ಕಾರ್ಖಾನೆಯ ತಕರಾರು ಸುಪ್ರೀಂ ಕೋರ್ಟಿಗೆ ಹೋದಾಗ, 1999 ಮತ್ತು 2000ದಲ್ಲಿ ಬಂದ ತೀರ್ಪುಗಳು ದೇಶದ ಪರಿಸರ ಕಾನೂನಿನ ಮೈಲಿಗಲ್ಲುಗಳಾದವು. ಹಾನಿಯಾಗುತ್ತದೆಂದು ಜನ ಸಾಬೀತು ಮಾಡಬೇಕಿಲ್ಲ, ಹಾನಿಯಾಗುವುದಿಲ್ಲವೆಂದು ಕಾರ್ಖಾನೆಯೇ ಸಾಬೀತು ಮಾಡಬೇಕು ಎಂಬ ತತ್ವ ಗಟ್ಟಿಯಾದದ್ದು ಈ ಕೆರೆಗಳ ದಡದಲ್ಲಿ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಹೊಸ ಆದೇಶ ಹೊರಡಿಸಿ 111ರ ನಿರ್ಬಂಧಗಳನ್ನು ಸಡಿಲಿಸಿತು. ಜಗಳ ಮತ್ತೆ ಶುರುವಾಯಿತು. 1909ರಲ್ಲಿ ಎಣಿಸಿದ ಕೆರೆಗಳ ಪೈಕಿ ಈಗ ಎಷ್ಟು ಉಳಿದಿವೆ ಎಂದು ಕೇಳುವ ಅವಕಾಶವಾದರೂ ನಮಗಿದೆ. ವಿಶ್ವೇಶ್ವರಯ್ಯ ಎಣಿಸದೇ ಹೋಗಿದ್ದರೆ ಕೇಳುವುದೂ ಸಾಧ್ಯವಿರಲಿಲ್ಲ.

ಹಕ್ಕಿಯ ಲೆಕ್ಕ

1931–32ರಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಒಬ್ಬ ತರುಣ ಹಕ್ಕಿತಜ್ಞ ಹೈದರಾಬಾದ್ ಸಂಸ್ಥಾನವನ್ನು ಸುತ್ತಿದ. ಅವನೇ ಸಲೀಂ ಅಲಿ. ಹೆಂಡತಿ ತಹಮೀನಾ ಜೊತೆಗಿದ್ದರು. ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಹಾಗಾಗಿ ಆ ಸಮೀಕ್ಷೆ ನಮ್ಮ ನೆಲಕ್ಕೂ ಸಂಬಂಧಿಸಿದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಅಚ್ಚಾದ ಆ ಪಟ್ಟಿ ಇಂದಿಗೂ ಈ ಭಾಗದ ಹಕ್ಕಿಗಳ ಹಳೆಯ ಲೆಕ್ಕಪುಸ್ತಕ. ಒಂದು ಹಕ್ಕಿ ಕಮ್ಮಿಯಾಗಿದೆ ಎನ್ನಬೇಕಾದರೆ ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕಲ್ಲ.

ಆ ಪರಂಪರೆಯನ್ನು 1980ರಲ್ಲಿ ಹುಟ್ಟಿದ ಇಲ್ಲಿನ ಹಕ್ಕಿವೀಕ್ಷಕರ ಸಂಘ ಮುಂದುವರಿಸಿತು. ಈಗ ಅದರ ಹೆಸರು ‘ಡೆಕ್ಕನ್ ಬರ್ಡರ್ಸ್’. ಇದೇ ಊರಿನ ಆಶೀಶ್ ಪಿಟ್ಟಿ ದಕ್ಷಿಣ ಏಷ್ಯಾದ ಹಕ್ಕಿಗಳ ಬಗ್ಗೆ ಬಂದ ಬರಹಗಳನ್ನೆಲ್ಲ ಪಟ್ಟಿ ಮಾಡುವ ಕೆಲಸಕ್ಕೆ ಬದುಕಿನ ದೊಡ್ಡ ಪಾಲು ಕೊಟ್ಟವರು. ‘ಇಂಡಿಯನ್ ಬರ್ಡ್ಸ್’ ಪತ್ರಿಕೆಯ ಸಂಪಾದಕರಾಗಿದ್ದವರೂ ಹೌದು, ಒಳ್ಳೆಯ ಪ್ರಬಂಧಕಾರರೂ ಹೌದು. ಮಿಯಾಪುರದ ಹತ್ತಿರದ ಅಮೀನ್‌ಪುರ ಕೆರೆ 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಗರದ ಅಂಚಿನ ಕೆರೆಯೊಂದಕ್ಕೆ ಆ ಮನ್ನಣೆ ಸಿಗಲು ಆಧಾರವಾದದ್ದು ಅಲ್ಲಿಗೆ ಬರುವ ಹಕ್ಕಿಗಳ ಲೆಕ್ಕವೇ.

ಹಾವಿನಿಂದ ಕಟಕಟೆಗೆ

ಹಬ್ಸಿಗುಡದಲ್ಲಿರುವ ಸಿಸಿಎಂಬಿ ದೇಶದ ಹೆಸರಾಂತ ಜೀವವಿಜ್ಞಾನ ಸಂಸ್ಥೆ. 1977ರಲ್ಲಿ ಅದನ್ನು ಕಟ್ಟಿದ ಪುಷ್ಪ ಮಿತ್ರ ಭಾರ್ಗವ ಅವರಿಗೆ ಚಿತ್ರಕಲೆಯ ಗೀಳು. ಎಂ.ಎಫ್. ಹುಸೇನ್ ಮೊದಲಾದವರ ಚಿತ್ರಗಳು ಆ ಪ್ರಯೋಗಾಲಯದ ಗೋಡೆ ಏರಿದವು. ವಿಜ್ಞಾನಿಗೆ ಚಿತ್ರದ ಸಹವಾಸ ಬೇಕು ಎಂಬುದು ಅವರ ನಂಬಿಕೆಯಾಗಿತ್ತು.

ಮುಂದೆ ಅದೇ ಸಿಸಿಎಂಬಿ ಸೇರಿದ ಲಾಲ್‌ಜಿ ಸಿಂಗ್ ಎಂಬ ವಿಜ್ಞಾನಿಗೆ ದಾರಿ ತೋರಿಸಿದ್ದು ಹಾವು. ಹಾವುಗಳಲ್ಲಿ ಗಂಡು–ಹೆಣ್ಣು ನಿರ್ಧಾರವಾಗುವ ಬಗೆಯನ್ನು ಹುಡುಕುತ್ತಿದ್ದ ಅವರಿಗೆ, ಹಳದಿ–ಕಪ್ಪು ಪಟ್ಟೆಯ ಕಡು ವಿಷದ ಹಾವೊಂದರ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಮರುಕಳಿಸುವ ಒಂದು ತುಣುಕು ಸಿಕ್ಕಿತು. ಅಂಥದೇ ತುಣುಕು ಬೇರೆ ಪ್ರಾಣಿಗಳಲ್ಲೂ ಮನುಷ್ಯನಲ್ಲೂ ಇತ್ತು, ಆದರೆ ಅದರ ವಿನ್ಯಾಸ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾವಿನ ಕುತೂಹಲದಿಂದ ಹುಟ್ಟಿದ ಈ ತಿಳಿವಳಿಕೆ 1980ರ ದಶಕದ ಕೊನೆಗೆ ಭಾರತದ್ದೇ ಆದ ಡಿಎನ್‌ಎ ಬೆರಳಚ್ಚಾಯಿತು. ಪಿತೃತ್ವದ ವ್ಯಾಜ್ಯಗಳಿಂದ ಹಿಡಿದು ಕೊಲೆ ಮೊಕದ್ದಮೆಗಳವರೆಗೆ ಕೋರ್ಟುಗಳಲ್ಲಿ ಸಾಕ್ಷ್ಯವಾಯಿತು.

ಲಾಲ್‌ಜಿ ಸಿಂಗ್ ಆ ಋಣವನ್ನು ತೀರಿಸಿದರು ಎನ್ನಬಹುದು. ಅಳಿವಿನಂಚಿನ ಪ್ರಾಣಿಗಳಿಗೆಂದೇ ಅತ್ತಾಪುರದಲ್ಲಿ ಅವರು ಕನಸಿದ ‘ಲಾಕೋನ್ಸ್’ ಪ್ರಯೋಗಾಲಯವನ್ನು 2007ರಲ್ಲಿ ರಾಷ್ಟ್ರಪತಿ ಕಲಾಂ ಉದ್ಘಾಟಿಸಿದರು. ಕಾಡಿನಲ್ಲಿ ಯಾರೋ ಹೊಡೆದು ತಂದ ಮಾಂಸದ ತುಂಡು ಯಾವ ಪ್ರಾಣಿಯದು ಎಂದು ಡಿಎನ್‌ಎಯಿಂದ ಪತ್ತೆ ಮಾಡಿ ಅರಣ್ಯ ಇಲಾಖೆಗೆ ಹೇಳುವುದು ಇಲ್ಲಿನ ನಿತ್ಯದ ಕೆಲಸ. ಇಲ್ಲಿನ ವಿಜ್ಞಾನಿಗಳು ನೆಹರೂ ಮೃಗಾಲಯದ ಜೊತೆಗೂಡಿ 2010ರಲ್ಲಿ ಬರ್ಕದ (ಮೌಸ್ ಡೀರ್) ಸಂತಾನ ಬೆಳೆಸಲು ಹೊರಟರು. ಮೂರು ಕಿಲೋ ತೂಗುವ, ಮೈಮೇಲೆ ಬಿಳಿ ಚುಕ್ಕೆಗಳ, ರಾತ್ರಿ ಒಂಟಿಯಾಗಿ ತಿರುಗುವ, ಬಲು ಪುಕ್ಕಲು ಪ್ರಾಣಿ ಇದು. ಮುಟ್ಟಿದರೆ, ಹಿಡಿದರೆ ಗಾಬರಿಯಿಂದಲೇ ಸಾಯಬಹುದು. ಹಾಗಾಗಿ ಹೆಣ್ಣಿನ ಬೆದೆಯ ಕಾಲವನ್ನೂ ಗರ್ಭವನ್ನೂ ಅದು ಹಾಕಿದ ಹಿಕ್ಕೆಯಲ್ಲಿರುವ ಹಾರ್ಮೋನುಗಳ ಲೆಕ್ಕದಿಂದ ತಿಳಿಯುವ ವಿಧಾನ ಬಂತು. ಬೆರಳೆಣಿಕೆಯ ಪ್ರಾಣಿಗಳಿಂದ ಶುರುವಾದ ಸಂಸಾರ ಇನ್ನೂರು ದಾಟಿ, ಕೆಲವನ್ನು ನಲ್ಲಮಲದ ಅಮ್ರಾಬಾದ್ ಹುಲಿ ಅಭಯಾರಣ್ಯಕ್ಕೆ ಬಿಟ್ಟದ್ದೂ ಆಯಿತು.

ಮೈಸೂರಿನ ಸತೀಶ್, ಪಸ್ತಾಪುರದ ಬೀಜ

ಹೈದರಾಬಾದಿನಿಂದ ಬೀದರಿನ ಕಡೆಗೆ ಸುಮಾರು ನೂರು ಕಿಲೋಮೀಟರ್ ಬಂದರೆ ಜಹೀರಾಬಾದು. ಗಡಿಯಂಚಿನ ಈ ಸೀಮೆಯಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ, ಪಸ್ತಾಪುರವನ್ನು ಕೇಂದ್ರ ಮಾಡಿಕೊಂಡು ಉಳಿದ ಬದುಕನ್ನು ಇಲ್ಲಿನ ಹಳ್ಳಿಗಳಿಗೆ ಕೊಟ್ಟರು. ಅವರ ಜೊತೆ ನಿಂತವರು ಬಹುಪಾಲು ದಲಿತ ಹೆಣ್ಣುಮಕ್ಕಳು. ಒಂದೆರಡು ಎಕರೆ ಕಲ್ಲುನೆಲ, ಅದಕ್ಕೆ ನೀರಾವರಿ ಇಲ್ಲ, ಕೈಯಲ್ಲಿ ಸಾಲ.

ಹೊರಗಿನವರ ಕಣ್ಣಿಗೆ ಬರಡಾದ ಆ ನೆಲದಲ್ಲಿ ಈ ಹೆಂಗಸರು ಒಂದೇ ಹೊಲಕ್ಕೆ ಇಪ್ಪತ್ತರವರೆಗೆ ಬೆಳೆ ಹಾಕುತ್ತಾರೆ. ಜೋಳ, ತೊಗರಿ, ಸಜ್ಜೆ, ನವಣೆ, ಸಾಮೆ, ಹೆಸರು, ಅಲಸಂದೆ, ಹುರುಳಿ, ಗುರೆಳ್ಳು, ಪುಂಡಿ. ನಮ್ಮ ಅಕ್ಕಡಿ ಸಾಲಿನ ಲೆಕ್ಕವೇ ಇದು, ಇನ್ನೂ ಸಂಕೀರ್ಣವಾಗಿ. ಮಳೆ ಬೇಗ ನಿಂತರೆ ನವಣೆ ಕೈಹಿಡಿಯುತ್ತದೆ, ತಡವಾಗಿ ಬಂದರೆ ತೊಗರಿ. ದ್ವಿದಳ ಬೆಳೆ ನೆಲಕ್ಕೆ ಸಾರಜನಕ ಕೊಡುತ್ತದೆ, ಜೋಳದ ದಂಟು ದನಕ್ಕೆ ಮೇವಾಗುತ್ತದೆ, ಬಿತ್ತದೇ ಬಂದ ಸೊಪ್ಪು ಸಾರಿಗಾಗುತ್ತದೆ. ಕೊಯ್ಲಿಗೆ ಮುಂಚೆ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ತೆಗೆದಿಡುವುದು ಹೆಂಗಸರ ಕೆಲಸ. ಬಿದಿರು ಬುಟ್ಟಿಗೆ ಮಣ್ಣು–ಸಗಣಿ ಸಾರಿಸಿ ಒಣಗಿಸಿ, ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಸಿ, ಮೇಲೆ ಮಣ್ಣು ಮೆತ್ತಿ ಮುಚ್ಚಿದರೆ ಮುಂದಿನ ಮಿರಗದವರೆಗೆ ಹುಳ ಹತ್ತುವುದಿಲ್ಲ. ನೆರೆಯವಳು ಬೀಜ ಕೇಳಿದರೆ ದುಡ್ಡಿಗೆ ಮಾರುವ ಪದ್ಧತಿಯಿಲ್ಲ. ಬೆಳೆ ಬಂದ ಮೇಲೆ ಒಯ್ದದ್ದಕ್ಕಿಂತ ಹೆಚ್ಚಿಗೆ ಹಿಂದಿರುಗಿಸುತ್ತಾಳೆ. ಸಂಕ್ರಾಂತಿಯ ಹೊತ್ತಿಗೆ ಶುರುವಾಗಿ ಸುಮಾರು ಒಂದು ತಿಂಗಳು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಈ ಬೀಜಗಳು ಊರಿಂದೂರಿಗೆ ಜಾತ್ರೆ ಹೋಗುತ್ತವೆ.

ಸತೀಶ್ ಟಿವಿ ಪ್ರಪಂಚದಿಂದ ತಂದದ್ದು ಕ್ಯಾಮೆರಾ. ಅದನ್ನು ಅವರು ತಾವೇ ಹಿಡಿಯದೆ ಓದುಬರಹ ಬಾರದ ರೈತ ಹೆಂಗಸರ ಕೈಗೆ ಕೊಟ್ಟರು. ಕುಲಾಂತರಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಆಗ ಈ ಹೆಂಗಸರು ವಾರಂಗಲ್ಲಿನ ಹೊಲಗಳಿಗೆ ಹೋಗಿ, ಬಿತ್ತನೆಯಿಂದ ಕೊಯ್ಲಿನವರೆಗೆ ಅದೇ ರೈತರನ್ನು ಮತ್ತೆ ಮತ್ತೆ ಮಾತಾಡಿಸಿ ಚಿತ್ರ ಮಾಡಿದರು. ಬೆಳೆ ನೋಡಿ ಬಲ್ಲವರ ಕಣ್ಣು ಕ್ಯಾಮೆರಾದ ಹಿಂದೆ ಇದ್ದದ್ದರಿಂದ ಆ ಚಿತ್ರಗಳು ದೇಶ ವಿದೇಶಗಳ ಚರ್ಚೆಗಳಿಗೆ ಹೋದವು. 2008ರಲ್ಲಿ ಇವರದೇ ‘ಸಂಘಂ ರೇಡಿಯೋ’ ಮಾಚನೂರಿನಿಂದ ಬಾನುಲಿಗೇರಿತು. ಹಾಡು, ಗಾದೆ, ಬೀಜದ ಮಾಹಿತಿ ಎಲ್ಲ ಅಲ್ಲಿ ಧ್ವನಿಮುದ್ರಿಕೆಯಾಗಿ ಉಳಿಯಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಜಗತ್ತು ಸಿರಿಧಾನ್ಯದ ವರ್ಷ ಆಚರಿಸುತ್ತಿದ್ದ 2023ರ ಮಾರ್ಚ್ 19ರಂದು ಸತೀಶ್ ತೀರಿಕೊಂಡರು. ಕಲಾವಿದ, ವಿಜ್ಞಾನಿ, ಸಂರಕ್ಷಕ ಎಂಬ ಮೂರು ಕಪಾಟುಗಳಲ್ಲಿ ಆ ಹೆಣ್ಣುಮಕ್ಕಳನ್ನು ಯಾವುದರಲ್ಲಿ ಇಡುವುದು? ಬೀಜದ ಗುಣ ಬಲ್ಲವಳು, ಅದರ ಹಾಡು ಕಟ್ಟುವವಳು, ಅದನ್ನು ಉಳಿಸುವವಳು ಅಲ್ಲಿ ಒಬ್ಬಳೇ.

ಪಟ್ಟಿ ಕೋರ್ಟು ಹತ್ತಿದಾಗ

2025ರ ಯುಗಾದಿ–ರಂಜಾನ್ ರಜೆಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆಗೆ ಜೆಸಿಬಿಗಳು ನುಗ್ಗಿದವು. ಜಾಗ ತನ್ನದು, ಐಟಿ ಉದ್ಯಮಕ್ಕೆ ಕೊಡುತ್ತೇನೆ ಎಂಬುದು ಸರ್ಕಾರದ ವಾದ. ಇದು ಕಾಡು ಎಂಬುದು ವಿದ್ಯಾರ್ಥಿಗಳ ವಾದ. ಸುಮಾರು ನೂರು ಎಕರೆ ಬೋಳಾದ ಮೇಲೆ, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಮರ ಕಡಿಯುವುದನ್ನು ನಿಲ್ಲಿಸಿತು.

ಆ ದಿನಗಳಲ್ಲಿ ವಿದ್ಯಾರ್ಥಿಗಳ ಕೈಯಲ್ಲಿದ್ದದ್ದು ಘೋಷಣೆಗಳಷ್ಟೇ ಅಲ್ಲ. ಆವರಣದಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಹಕ್ಕಿ ನೋಡಿದ, ಚಿಟ್ಟೆಯ ಫೋಟೋ ತೆಗೆದ, ಹೂವಿನ ಹೆಸರು ಹುಡುಕಿದ ಹಳೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಮಾಡಿಟ್ಟ ಪಟ್ಟಿಗಳಿದ್ದವು. ಏಳುನೂರಕ್ಕೂ ಹೆಚ್ಚು ಹೂಬಿಡುವ ಸಸ್ಯಗಳು, ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, ನಕ್ಷತ್ರ ಆಮೆ, ಚುಕ್ಕೆ ಜಿಂಕೆ. 2010ರಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಲಾದ ‘ಮುರ‍್ರೀಸಿಯಾ ಹೈದರಾಬಾದೆನ್ಸಿಸ್’ ಎಂಬ ಜೇಡದ ಹೆಸರಿನಲ್ಲೇ ಊರು ಇದೆ. ‘ಬರೀ ಕುರುಚಲು’ ಎಂದು ತಳ್ಳಿಹಾಕಬಹುದಾಗಿದ್ದ ಜಾಗಕ್ಕೆ ಈ ಹೆಸರುಗಳು ತೂಕ ತಂದವು.

ಇನ್ನೊಂದು ಜಗಳ ನಮ್ಮ ವಿಜಯಪುರದ ಕಡೆಗೆ ಬರುವ ಹೆದ್ದಾರಿಯದು. ಚೇವೆಳ್ಳದ ಸುತ್ತಮುತ್ತ 46 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ಇಕ್ಕೆಲಗಳಲ್ಲಿ ಒಂಬೈನೂರರಷ್ಟು ಆಲದ ಮರಗಳಿವೆ. ರಸ್ತೆ ಅಗಲ ಮಾಡಲು ಅವನ್ನು ಕಡಿಯಬೇಕೆಂದಾಗ ಪರಿಸರಾಸಕ್ತರು ಮರ ಮರಕ್ಕೂ ಗುರುತು ಹಾಕಿ, ಲೆಕ್ಕ ಕಟ್ಟಿ ಹಸಿರು ನ್ಯಾಯಮಂಡಳಿಗೆ ಹೋದರು. ಪರಿಸರದ ಮೇಲಿನ ಪರಿಣಾಮ ಅಳೆಯದೆ ಮುಂದುವರಿಯುವಂತಿಲ್ಲ ಎಂದು ಮಂಡಳಿ ಹೇಳಿತು. ‘ತುಂಬಾ ಮರಗಳಿವೆ’ ಎಂದು ಹೋಗಿದ್ದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ನಮ್ಮೂರಿನ ಪುಸ್ತಕ

2012ರ ಅಕ್ಟೋಬರಿನಲ್ಲಿ ಜೀವವೈವಿಧ್ಯದ ಜಾಗತಿಕ ಸಮಾವೇಶ ನಡೆದದ್ದು ಇದೇ ಹೈದರಾಬಾದಿನಲ್ಲಿ. ಅದಕ್ಕೂ ಹತ್ತು ವರ್ಷ ಮುಂಚೆ, 2002ರಲ್ಲಿ, ಭಾರತದ ಜೀವವೈವಿಧ್ಯ ಕಾಯ್ದೆ ಬಂದಿತ್ತು. ಪ್ರತಿ ಗ್ರಾಮ ಪಂಚಾಯಿತಿ, ಪಟ್ಟಣ, ನಗರದಲ್ಲೂ ಒಂದು ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ತಳಿ, ಕೆರೆ, ನಾಟಿ ತಿಳಿವಳಿಕೆಗಳ ದಾಖಲೆ ಪುಸ್ತಕ ಇಡಬೇಕು ಎನ್ನುತ್ತದೆ ಕಾನೂನು. ಈ ಪುಸ್ತಕದ ಕಲ್ಪನೆಯನ್ನು 1990ರ ದಶಕದಲ್ಲಿ ಬೆಳೆಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್. ಹಾಗಾಗಿ ಅದು ಕರ್ನಾಟಕದಲ್ಲೇ ಹುಟ್ಟಿದ ಕೂಸು ಎನ್ನಲು ಅಡ್ಡಿಯಿಲ್ಲ. ಆದರೆ ಎಷ್ಟೋ ಕಡೆ ಅದನ್ನು ತುಂಬಿಸಿದ್ದು ಗಡುವು ಮುಗಿಯುತ್ತದೆ ಎಂಬ ಆತುರದಲ್ಲಿ, ಪಕ್ಕದ ಊರಿನ ಪಟ್ಟಿ ನಕಲು ಮಾಡಿ.

ಹೈದರಾಬಾದಿನ ಉದಾಹರಣೆಗಳು ಈ ಪುಸ್ತಕದ ಬೆಲೆ ಏನೆಂದು ತೋರಿಸುತ್ತವೆ. ವಿಶ್ವೇಶ್ವರಯ್ಯನವರ ಕೆರೆ ಎಣಿಕೆ, ಸಲೀಂ ಅಲಿಯ ಹಕ್ಕಿ ಪಟ್ಟಿ, ಬಂಡೆ ಸಂಘದ ಒಂಬತ್ತು ಹೆಸರುಗಳು, ಪಸ್ತಾಪುರದ ಹೆಂಗಸರ ಚಿತ್ರಗಳು, ಒಂದೂ ಯಾರದೋ ಒತ್ತಡಕ್ಕೆ ಕಾಟಾಚಾರವಾಗಿ ತುಂಬಿದ್ದಲ್ಲ. ನೋಡಿದ್ದು ಮನಸ್ಸು ಹಿಡಿದದ್ದಕ್ಕೆ ಬರೆದದ್ದು. ಕವಿತೆ ಬರೆಯಬಲ್ಲವರು ಕವಿತೆ ಬರೆಯಲಿ, ಚಿತ್ರ ಬಲ್ಲವರು ಚಿತ್ರ ಬರೆಯಲಿ. ಎರಡೂ ಬಾರದವರು ತಮ್ಮೂರ ಕೆರೆಗೆ ಈ ಚಳಿಗಾಲದಲ್ಲಿ ಯಾವ ಹಕ್ಕಿ ಬಂತು, ಹೊಲದ ಬದುವಿನಲ್ಲಿ ಯಾವ ಮರ ಉಳಿದಿದೆ, ಅಜ್ಜಿ ಯಾವ ಜೋಳದ ಬೀಜ ಇಟ್ಟಿದ್ದಾಳೆ ಎಂದು ತಾರೀಖು ಹಾಕಿ ಬರೆದು ಪಂಚಾಯಿತಿಯ ಪುಸ್ತಕಕ್ಕೆ ಸೇರಿಸಲಿ. ನಾಳೆ ಆ ಕೆರೆಯ ಮೇಲೆ ಬಡಾವಣೆ ಬರುತ್ತದೆ ಎಂದಾದಾಗ ನ್ಯಾಯಾಧೀಶರು ಮೊದಲು ಕೇಳುವುದು ‘ನಿಮ್ಮ ಹತ್ತಿರ ದಾಖಲೆ ಏನಿದೆ?’ ಎಂದೇ.